ಬೈಲಿನ ಅರ್ಥ ಬಲ್ಲ ಸಂಶೋಧನೆ ಬೇಕು

ಮಂಗಳೂರು ನಗರದ ದೇರೆಬೈಲ್ ಇಂದು ವಸತಿ ಸಮುಚ್ಚಯಗಳ, ಅಂಗಡಿ ಸಾಲುಗಳ, ಕಾಂಕ್ರೀಟು ರಸ್ತೆಗಳ ಬಡಾವಣೆ. ಆದರೆ ಅದರ ಹೆಸರಿನ ಕೊನೆಯಲ್ಲಿ ಉಳಿದುಕೊಂಡಿರುವ ‘ಬೈಲ್’ ಎಂಬ ಶಬ್ದ ಬೇರೆಯೇ ಕಥೆಯನ್ನು ಹೇಳುತ್ತದೆ. ತುಳುನಾಡಿನ ರೈತರು ತಮ್ಮ ಗದ್ದೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು. ಗುಡ್ಡದ ಮೈಯಲ್ಲಿ ಮಳೆಯನ್ನೇ ನಂಬಿ ಒಂದು ಬೆಳೆ ಕೊಡುವ ನೆಲ ಬೆಟ್ಟು. ಅದಕ್ಕಿಂತ ಕೆಳಗೆ ಎರಡು ಬೆಳೆಗೆ ಒದಗುವ ನೆಲ ಮಜಲು. ಕಣಿವೆಯ ತಳದಲ್ಲಿ ತೋಡಿನ ನೀರುಂಡು ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳನ್ನೂ ಕೊಡಬಲ್ಲ ನೆಲ ಬೈಲು. ಮಣ್ಣಿನ ಗುಣ, ಅಂತರ್ಜಲದ ಮಟ್ಟ, ಇಳಿಜಾರಿನ ಪ್ರಮಾಣ, ತೆರಿಗೆಯ ದರ ಎಲ್ಲವೂ ಅಡಕವಾಗಿರುವ ವರ್ಗೀಕರಣವಿದು. ಬ್ರಿಟಿಷರ ಕಾಲದ ಕಂದಾಯ ವ್ಯವಸ್ಥೆಯೂ ಇದನ್ನೇ ಆಧಾರವಾಗಿ ಒಪ್ಪಿಕೊಂಡಿತ್ತು.

ದೇರೆಬೈಲಿನ ನೆರೆಹೊರೆಯ ಹೆಸರುಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಇಡೀ ನಗರದ ಭೂರಚನೆಯೇ ಕಣ್ಣ ಮುಂದೆ ಬಿಚ್ಚಿಕೊಳ್ಳುತ್ತದೆ. ಪದವಿನಂಗಡಿಯ ‘ಪದವು’ ಎಂದರೆ ಮುರಕಲ್ಲಿನ ಸಮತಟ್ಟಾದ ನೆತ್ತಿ. ಬಾವುಟಗುಡ್ಡೆ ಎಂಬಲ್ಲಿ ಗುಡ್ಡ, ಗುಜ್ಜರಕೆರೆ ಎಂಬಲ್ಲಿ ಕೆರೆ, ಕೊಡಿಯಾಲ್‌ಬೈಲ್ ಹಾಗೂ ಕುಂಜತ್ತಬೈಲ್‌ಗಳಲ್ಲಿ ತಗ್ಗಿನ ಗದ್ದೆ. ಪದವಿನ ಮೇಲೆ ಬಿದ್ದ ಮಳೆ ಇಂಗಿ, ಗುಡ್ಡದ ಸೆರಗಿನಲ್ಲಿ ಒಸರಾಗಿ, ಬೈಲಿನ ಗದ್ದೆಗಳಲ್ಲಿ ತಂಗಿ, ತೋಡುಗಳ ಮೂಲಕ ನದಿಯನ್ನು ಸೇರುತ್ತಿತ್ತು. ಬೈಲಿಗೆ ಮಣ್ಣು ತುಂಬಿಸಿ, ತೋಡನ್ನು ಕಿರಿದುಗೊಳಿಸಿ, ಪದವನ್ನು ಕಾಂಕ್ರೀಟಿನಿಂದ ಮುಚ್ಚಿದ ಮೇಲೆ ಆ ನೀರಿಗೆ ಇಂಗಲು ನೆಲವಿಲ್ಲ, ತಂಗಲು ಗದ್ದೆಯಿಲ್ಲ, ಹರಿಯಲು ದಾರಿಯಿಲ್ಲ. 2018ರ ಮೇ 29ರಂದು ಸುರಿದ ಮಳೆಗೆ ಮಂಗಳೂರಿನ ತಗ್ಗು ಪ್ರದೇಶಗಳು ಮುಳುಗಿದಾಗ ದೇರೆಬೈಲಿಗೆ ಸಮೀಪದ ಕೊಟ್ಟಾರ ಚೌಕಿಯಲ್ಲಿ ರಸ್ತೆಯೇ ಹೊಳೆಯಾಯಿತು. ಅದೇ ನಗರ 2016 ಮತ್ತು 2019ರ ಬೇಸಗೆಗಳಲ್ಲಿ ಕುಡಿಯುವ ನೀರಿಗಾಗಿ ಪಡಿಯ ದಿನಗಳನ್ನು ಎಣಿಸಿತು.

ಈ ಸಂಗತಿಯನ್ನು ಅಧ್ಯಯನ ಮಾಡಬೇಕಾದವರು ಯಾರು? ಸ್ಥಳನಾಮ ಭಾಷಾಶಾಸ್ತ್ರಜ್ಞರ ವಿಷಯ. ಚರಂಡಿ ಎಂಜಿನಿಯರರ ವಿಷಯ. ಮಣ್ಣು ಕೃಷಿವಿಜ್ಞಾನಿಗಳ ವಿಷಯ. ಹಳೆಯ ಅಡಂಗಲ್ಲು ಮತ್ತು ವರ್ಗದ ಕಾಗದಗಳು ಇತಿಹಾಸಕಾರರ ವಿಷಯ. ಗದ್ದೆ ಮಾರಿದವನ ಸಾಲ ಅರ್ಥಶಾಸ್ತ್ರಜ್ಞರ ವಿಷಯ. ನೀರಿಗೆ ಮಾತ್ರ ಈ ವಿಭಾಗಗಳ ಅರಿವಿಲ್ಲ. ಎಲ್ಲರಿಗೂ ಸೇರಿದ ವಿಷಯ ಕೊನೆಗೆ ಯಾರಿಗೂ ಸೇರದೆ ಅನಾಥವಾಗುತ್ತದೆ. ದೇಶದ ಸಂಶೋಧನೆಗೆ ಹಣ ಒದಗಿಸುವ ಹೊಸ ವ್ಯವಸ್ಥೆಯ ಕುರಿತು ಮಲೆನಾಡು ಮತ್ತು ಕರಾವಳಿಯ ಜನ ಏಕೆ ತಲೆಕೆಡಿಸಿಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಒಂದು ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವನ್ನು ಸ್ಥಾಪಿಸಬೇಕೆಂದು ಹೇಳಿತು. ಅದಕ್ಕೂ ಮೊದಲು, 2019ರಲ್ಲಿ ಡಾ. ಕೆ. ಕಸ್ತೂರಿರಂಗನ್ ಅಧ್ಯಕ್ಷತೆಯ ಸಮಿತಿ ಸಿದ್ಧಪಡಿಸಿದ ಕರಡು ನೀತಿಯಲ್ಲಿ ವಿಜ್ಞಾನ, ತಂತ್ರಜ್ಞಾನ, ಸಮಾಜ ವಿಜ್ಞಾನ, ಕಲೆ ಮತ್ತು ಮಾನವಿಕಗಳು ಎಂಬ ನಾಲ್ಕು ಕ್ಷೇತ್ರಗಳನ್ನೂ ಒಂದೇ ಚಾವಣಿಯ ಕೆಳಗೆ ತರುವ ಕಲ್ಪನೆಯಿತ್ತು. ವರ್ಷಕ್ಕೆ 20,000 ಕೋಟಿ ರೂಪಾಯಿಗಳ ಅನುದಾನದ ಸೂಚನೆಯೂ ಇತ್ತು. ಈ ಕಲ್ಪನೆಗೆ ಶಾಸನದ ರೂಪ ಬಂದದ್ದು 2023ರ ಆಗಸ್ಟ್‌ನಲ್ಲಿ, ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಕಾಯಿದೆಯಾಗಿ. 2024ರ ಫೆಬ್ರವರಿ 5ರಂದು ಕಾಯಿದೆ ಜಾರಿಗೆ ಬಂತು; 2008ರ ಕಾಯಿದೆಯಡಿ ರಚಿತವಾಗಿದ್ದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ ಅದರಲ್ಲಿ ವಿಲೀನವಾಯಿತು. ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿಗಳ ಅಂದಾಜು. ಅದರಲ್ಲಿ ಸುಮಾರು 36,000 ಕೋಟಿ ಸರಕಾರೇತರ ಮೂಲಗಳಿಂದ, ಮುಖ್ಯವಾಗಿ ಉದ್ಯಮಗಳಿಂದ ಮತ್ತು ದಾನಿಗಳಿಂದ ಬರಬೇಕೆಂಬುದು ಸರಕಾರದ ನಿರೀಕ್ಷೆ. ಸಂಶೋಧನೆಗೆ ದೇಶದ ಒಟ್ಟು ಉತ್ಪನ್ನದ ಶೇಕಡಾ 0.64ರಷ್ಟನ್ನು ಮಾತ್ರ (2020-21ರ ಲೆಕ್ಕ) ವಿನಿಯೋಗಿಸುವ ರಾಷ್ಟ್ರಕ್ಕೆ ಇದು ಅಗತ್ಯವಾಗಿದ್ದ ಹೆಜ್ಜೆ ಎಂಬುದರಲ್ಲಿ ಸಂದೇಹವಿಲ್ಲ.

ಆದರೆ ಕಲ್ಪನೆಯಿಂದ ಕಾಯಿದೆಗೆ ಬರುವ ದಾರಿಯಲ್ಲಿ ಒಂದು ಮುಖ್ಯ ವಸ್ತು ಸವೆದುಹೋಗಿದೆ. ನಾಲ್ಕು ಸಮಾನ ಕ್ಷೇತ್ರಗಳ ಬದಲಿಗೆ ಕಾಯಿದೆಯಲ್ಲಿ ಉಳಿದಿರುವುದು ನಿಸರ್ಗ ವಿಜ್ಞಾನಗಳು, ಎಂಜಿನಿಯರಿಂಗ್ ಮತ್ತು ತಂತ್ರಜ್ಞಾನ, ಪರಿಸರ ಮತ್ತು ಭೂವಿಜ್ಞಾನ, ಆರೋಗ್ಯ, ಕೃಷಿ. ಇವುಗಳ ಜೊತೆಗೆ ಮಾನವಿಕ ಮತ್ತು ಸಮಾಜ ವಿಜ್ಞಾನಗಳು ವಿಜ್ಞಾನ-ತಂತ್ರಜ್ಞಾನವನ್ನು ಸಂಧಿಸುವ ಅಂಚು ಮಾತ್ರ. ಪ್ರಧಾನಮಂತ್ರಿಗಳ ಅಧ್ಯಕ್ಷತೆಯ ಆಡಳಿತ ಮಂಡಳಿಗೆ ಉದ್ಯಮ ಕ್ಷೇತ್ರದಿಂದ ಐವರ ತನಕ ಸದಸ್ಯರನ್ನು ನೇಮಿಸಲು ಅವಕಾಶವಿದೆ. ಮಾನವಿಕ ಮತ್ತು ಸಮಾಜ ವಿಜ್ಞಾನಗಳಿಗೆಲ್ಲ ಸೇರಿ ಒಂದು ಸ್ಥಾನ. 2025ರ ಜುಲೈ 1ರಂದು ಕೇಂದ್ರ ಸಚಿವ ಸಂಪುಟ ಖಾಸಗಿ ವಲಯದ ಸಂಶೋಧನೆಗೆಂದು ಒಪ್ಪಿಗೆ ನೀಡಿದ 1 ಲಕ್ಷ ಕೋಟಿ ರೂಪಾಯಿಗಳ ನಿಧಿಯೂ ಇದೇ ಪ್ರತಿಷ್ಠಾನದ ಮೂಲಕ ಹರಿಯಲಿದೆ. ವಿದ್ಯುತ್ ವಾಹನದಂಥ ವಿಷಯಗಳಿಗೆ ಉದ್ಯಮದ ಹಣ ಬರುವುದು ಸಹಜ. ಮದಕದಲ್ಲಿ ತುಂಬಿದ ಹೂಳಿಗೆ, ಅಳಿಯುತ್ತಿರುವ ನಾಗಬನಕ್ಕೆ, ಹಳದಿ ರೋಗದಿಂದ ಬರಡಾದ ಅಡಿಕೆ ತೋಟಕ್ಕೆ ಯಾವ ಉದ್ಯಮ ಹಣ ಹೂಡೀತು?

ವಿಜ್ಞಾನ ಮತ್ತು ಮಾನವಿಕಗಳನ್ನು ಜೊತೆಗೂಡಿಸುವುದು ಹೊಸ ಮಾತಲ್ಲ, ವಿದೇಶದ ಮಾತೂ ಅಲ್ಲ. ಬುಕಾನನ್ ಎಂಬ ವೈದ್ಯ ದಕ್ಷಿಣ ಭಾರತದ ಕೃಷಿ, ಜನಜೀವನಗಳನ್ನು ನೋಡಿ ವರದಿ ಮಾಡಲು ಸಂಚರಿಸಿ 1807ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮುರಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಮಲಬಾರಿನ ಅಂಗಡಿಪುರದ ಜನ ಆ ಕಲ್ಲನ್ನು ಇಟ್ಟಿಗೆ ಕಲ್ಲು ಎಂಬ ಅರ್ಥದ ಮಾತಿನಿಂದ ಕರೆಯುತ್ತಿದ್ದುದನ್ನು ಕೇಳಿ ಅದನ್ನೇ ಲ್ಯಾಟಿನ್ನಿಗೆ ತಿರುಗಿಸಿದ. ನೆಲದೊಳಗೆ ಮೆತ್ತಗಿದ್ದು, ಕಡಿದು ಗಾಳಿಗಿಟ್ಟರೆ ಗಟ್ಟಿಯಾಗುವ ಅದರ ಗುಣ ಜನರ ಹೆಸರಿನಲ್ಲಿಯೇ ಇತ್ತು. ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲೆಲ್ಲ ಇರುವ ಆ ಪಾರಿಭಾಷಿಕ ಪದ ಕಲ್ಲು ಕಡಿಯುವವರ ನುಡಿಯಿಂದ ಹುಟ್ಟಿದ್ದು. ಅದೇ ಮುರಕಲ್ಲಿನ ಗುಡ್ಡಗಳಿಗೆ ಅಡ್ಡವಾಗಿ ಸುರಂಗ ಕೊರೆದು ನೀರು ತರುವ ವಿದ್ಯೆ ಬಂಟ್ವಾಳ ತಾಲೂಕಿನ ಮಾಣಿಲದಲ್ಲಿ, ಕಾಸರಗೋಡಿನ ಬಾಯಾರಿನಲ್ಲಿ ಇಂದಿಗೂ ಜೀವಂತವಾಗಿದೆ. ಹಲವು ಪ್ರಯತ್ನ ವಿಫಲವಾದರೂ ಬಿಡದೆ ಒಬ್ಬಂಟಿಯಾಗಿ ಸುರಂಗ ಕೊರೆದು ಬೋಳುಗುಡ್ಡವನ್ನು ತೋಟವಾಗಿಸಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಗೌರವ ದೊರೆಯಿತು, ಸಂತೋಷ. ಆದರೆ ಎಲ್ಲಿ ಕೊರೆದರೆ ನೀರು ಸಿಕ್ಕೀತೆಂದು ಗಿಡಮರಗಳನ್ನೂ ಮಣ್ಣಿನ ತೇವವನ್ನೂ ನೋಡಿ ಊಹಿಸುವ ಆ ತಿಳಿವಳಿಕೆಯನ್ನು ಭೂಜಲ ವಿಜ್ಞಾನದ ಅಳತೆಗೋಲಿನ ಜೊತೆಗಿಟ್ಟು ಪರೀಕ್ಷಿಸುವ ದೀರ್ಘ ಅಧ್ಯಯನ ಗೌರವದಷ್ಟೇ ಅಗತ್ಯ.

ಅಡಿಕೆಯ ಕೊಳೆರೋಗದ ಚರಿತ್ರೆಯೂ ಇದೇ ಪಾಠವನ್ನು ಹೇಳುತ್ತದೆ. ಮೈಸೂರು ಸರಕಾರದ ಸೇವೆಗೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳನ್ನು ಸುತ್ತಿ, ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, 1910ರಲ್ಲಿ ವರದಿ ಪ್ರಕಟಿಸಿದರು. ಅವರು ಬರುವ ಮೊದಲೇ ರೈತರು ಅಡಿಕೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯ ನೀರು ತಾಗದಂತೆ ಕಾಯುತ್ತಿದ್ದರು. ರೋಗಾಣುವಿನ ಹೆಸರು ಗೊತ್ತಿಲ್ಲದಿದ್ದರೂ ರೋಗದ ದಾರಿ ಅವರಿಗೆ ಗೊತ್ತಿತ್ತು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಆ ತಿಳಿವಳಿಕೆಯ ಮುಂದಿನ ಹೆಜ್ಜೆಯಾಗಿ ಬಂದುದರಿಂದಲೇ ತೋಟದ ರೂಢಿಯಲ್ಲಿ ನೆಲೆಯೂರಿತು. ವಿಜ್ಞಾನ ಊರಿಗೆ ಬಂದು ಊರಿನ ಅನುಭವವನ್ನು ಕೇಳಿದಾಗ ಆಗುವ ಲಾಭವಿದು.

ಕೇಳದೆ ಹೋದರೆ ಆಗುವ ನಷ್ಟಕ್ಕೆ ಎಂಡೋಸಲ್ಫಾನ್ ಸಾಕ್ಷಿ. ಕಾಸರಗೋಡಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಈ ವಿಷ ಸುರಿಯಿತು. ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಲಿನ ಹಳ್ಳಿಗಳೂ ಅದೇ ಪಾಡನ್ನು ಅನುಭವಿಸಿದವು. ಜೇನು ಕಾಣೆಯಾಯಿತು, ತೋಡಿನ ಮೀನು ಸತ್ತಿತು, ಅಂಗವಿಕಲ ಕರುಗಳು ಹುಟ್ಟಿದವು. ಬಳಿಕ ಮನುಷ್ಯರ ಸರದಿ. ದೈವದ ಮುನಿಸೆಂದು ನೊಂದುಕೊಂಡವರೂ ಇದ್ದರು. ಮೊದಲು ಅನುಮಾನಿಸಿದವರು ಕೃಷಿ ಪತ್ರಕರ್ತ ಶ್ರೀಪಡ್ರೆಯವರು ಮತ್ತು ಪಡ್ರೆ ಗ್ರಾಮದಲ್ಲಿ ರೋಗಿಗಳ ಲೆಕ್ಕವಿಟ್ಟ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್. ವಿಜ್ಞಾನದ ದೊಡ್ಡ ಸಂಸ್ಥೆಗಳು ಆ ಹೊತ್ತಿಗೆ ಅಲ್ಲಿರಲಿಲ್ಲ. ಬಂದ ಸಮಿತಿಗಳು ಪರಸ್ಪರ ವಿರುದ್ಧವಾದ ವರದಿಗಳನ್ನು ಕೊಟ್ಟವು. ಸರ್ವೋಚ್ಚ ನ್ಯಾಯಾಲಯದ ನಿಷೇಧ ಬಂದದ್ದು 2011ರ ಮೇ 13ರಂದು. ಮೊದಲ ಎಚ್ಚರಿಕೆಗೂ ನಿಷೇಧಕ್ಕೂ ನಡುವೆ ಹೆಚ್ಚುಕಡಿಮೆ ಮೂರು ದಶಕಗಳು. ಅಷ್ಟರಲ್ಲಿ ಒಂದು ತಲೆಮಾರು ಹಾಸಿಗೆಯಲ್ಲಿಯೇ ಬೆಳೆದಿತ್ತು. ತಾಯಂದಿರ ಮಾತನ್ನು ದತ್ತಾಂಶವೆಂದು ಸ್ವೀಕರಿಸಿ ದಾಖಲಿಸುವ ಸಮಾಜ ವಿಜ್ಞಾನ, ನೀರು ಮತ್ತು ರಕ್ತವನ್ನು ಪರೀಕ್ಷಿಸುವ ರಸಾಯನ ವಿಜ್ಞಾನ, ಮಕ್ಕಳನ್ನು ತಪಾಸಣೆ ಮಾಡುವ ವೈದ್ಯ ವಿಜ್ಞಾನ ಇವು ಮೂರೂ 1980ರ ದಶಕದಲ್ಲಿಯೇ ಒಂದಾಗಿ ಆ ಹಳ್ಳಿಗಳಿಗೆ ಕಾಲಿಟ್ಟಿದ್ದರೆ ಎಷ್ಟು ಬದುಕುಗಳು ಉಳಿಯುತ್ತಿದ್ದವು!

ಪಶ್ಚಿಮ ಘಟ್ಟದ ವರದಿಗಳ ಗೊಂದಲಕ್ಕೂ ಇದೇ ಬಿರುಕು ಕಾರಣಗಳಲ್ಲೊಂದು. ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರಲ್ಲಿ ವರದಿ ಸಲ್ಲಿಸಿತು. ಸರಕಾರ ಅದನ್ನು ಸಾರ್ವಜನಿಕಗೊಳಿಸಿದ್ದು ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ, 2012ರಲ್ಲಿ. ಇತಿಹಾಸಕಾರ ರಾಮಚಂದ್ರ ಗುಹಾ ಅವರೊಡನೆ ಸೇರಿ 1992ರಲ್ಲಿ ಭಾರತದ ಪರಿಸರ ಚರಿತ್ರೆಯನ್ನು ಬರೆದಿದ್ದ ಗಾಡ್ಗೀಳರು ಗ್ರಾಮಸಭೆಗಳ ಅಭಿಪ್ರಾಯಕ್ಕೆ ವರದಿಯಲ್ಲಿ ಸ್ಥಾನ ಕೊಟ್ಟಿದ್ದರು. ಆದರೆ ಕನ್ನಡದಲ್ಲಿ ಅದು ಹಳ್ಳಿಗಳಿಗೆ ತಲುಪುವ ಮೊದಲೇ ಅದರ ಕುರಿತ ಭಯ ತಲುಪಿತು. 2013ರಲ್ಲಿ ವರದಿ ಕೊಟ್ಟ ಕಸ್ತೂರಿರಂಗನ್ ಅಧ್ಯಕ್ಷತೆಯ ಕಾರ್ಯಪಡೆ ಉಪಗ್ರಹದ ಚಿತ್ರಗಳ ಆಧಾರದಲ್ಲಿ ಘಟ್ಟವನ್ನು ‘ನೈಸರ್ಗಿಕ’ ಹಾಗೂ ‘ಸಾಂಸ್ಕೃತಿಕ’ ಎಂಬ ಎರಡು ಭೂದೃಶ್ಯಗಳಾಗಿ ವಿಭಾಗಿಸಿ, ಶೇಕಡಾ 58ರಷ್ಟು ಭಾಗ ಸಾಂಸ್ಕೃತಿಕವೆಂದಿತು. ಗ್ರಾಮವೊಂದರ ಶೇಕಡಾ 20 ಅಥವಾ ಅದಕ್ಕಿಂತ ಹೆಚ್ಚು ನೆಲ ಪರಿಸರ ಸೂಕ್ಷ್ಮವೆಂದು ಕಂಡರೆ ಇಡೀ ಗ್ರಾಮ ಆ ಪಟ್ಟಿಗೆ ಸೇರಿತು. ‘ಸಾಂಸ್ಕೃತಿಕ’ ಎಂಬ ಶಬ್ದವನ್ನು ಬಳಸಿದ ಆ ಲೆಕ್ಕದಲ್ಲಿ ಸಂಸ್ಕೃತಿಯ ಅಧ್ಯಯನ ಇರಲಿಲ್ಲ. ಸೊಪ್ಪಿನ ಬೆಟ್ಟ, ಕುಮ್ಕಿ, ಕಾನೆ, ಬಾಣೆ, ದೇವರಕಾಡು, ನಾಗಬನ ಇವು ನಿಸರ್ಗವೋ ಸಂಸ್ಕೃತಿಯೋ? ತಲೆತಲಾಂತರದಿಂದ ಜನ ಸೊಪ್ಪು ತಂದ, ಹಕ್ಕು ನಡೆಸಿದ, ಹರಕೆ ಹೊತ್ತ ಕಾಡು ಆಕಾಶದಿಂದ ನೋಡಿದಾಗ ಬರಿಯ ಹಸಿರು ಚುಕ್ಕೆ.

ಪರಿಣಾಮ ಎಲ್ಲರ ಕಣ್ಣ ಮುಂದಿದೆ. 2014ರಿಂದ ಕರಡು ಅಧಿಸೂಚನೆಗಳು ಒಂದರ ಹಿಂದೊಂದು ಬಂದವು. ವಯನಾಡಿನ ಭೂಕುಸಿತದ ಮರುದಿನ, 2024ರ ಜುಲೈ 31ರಂದು ಆರನೆಯ ಕರಡು ಹೊರಬಿತ್ತು. ಕರ್ನಾಟಕದ 20,668 ಚದರ ಕಿಲೋಮೀಟರನ್ನು ಒಳಗೊಂಡಿದ್ದ ಪ್ರಸ್ತಾಪವನ್ನು ರಾಜ್ಯ ಸಚಿವ ಸಂಪುಟ ಅದೇ ಸೆಪ್ಟೆಂಬರಿನಲ್ಲಿ ತಿರಸ್ಕರಿಸಿತು. 2018ರ ಆಗಸ್ಟ್‌ನಲ್ಲಿ ಕೊಡಗು ಕುಸಿಯಿತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿತ್ತು. ಗುಡ್ಡ ಜರಿಯುವುದು ಕರಡಿನ ಭವಿಷ್ಯಕ್ಕಾಗಿ ಕಾಯುವುದಿಲ್ಲ. ಘಟ್ಟದ ರಕ್ಷಣೆ ಬೇಡವೆಂಬುದು ಇಲ್ಲಿನ ವಾದವಲ್ಲ. ರಕ್ಷಣೆ ಬೇಕೇ ಬೇಕು. ಆದರೆ ಕಾಡನ್ನೂ ಕಾಡಿನ ಅಂಚಿನ ಮನುಷ್ಯನನ್ನೂ ಬೇರೆ ಬೇರೆ ಕಡತಗಳಲ್ಲಿಟ್ಟು ಮಾಡಿದ ರಕ್ಷಣೆಯ ಯೋಜನೆ ನೆಲಕ್ಕಿಳಿಯುವುದಿಲ್ಲ ಎಂಬುದನ್ನು ಈ ವರ್ಷಗಳು ತೋರಿಸಿಕೊಟ್ಟಿವೆ.

ವಿಜ್ಞಾನ ಮತ್ತು ಮಾನವಿಕಗಳನ್ನು ಬೆರೆಸಿದರೆ ವಿಜ್ಞಾನದ ನಿಖರತೆ ಕೆಡುತ್ತದೆ ಎಂಬ ಆಕ್ಷೇಪವಿದೆ. ಜನಪದ ತಿಳಿವಳಿಕೆಯೆಲ್ಲ ಸತ್ಯವೆಂದು ಕಣ್ಣುಮುಚ್ಚಿ ಒಪ್ಪಿಕೊಂಡರೆ ಆ ಆಕ್ಷೇಪ ಸರಿ. ಹಿರಿಯರು ಹೇಳಿದ್ದೆಲ್ಲ ನಿಜವಲ್ಲ; ಎಂಡೋಸಲ್ಫಾನಿನ ರೋಗ ದೈವದ ಶಾಪವಾಗಿರಲಿಲ್ಲ. ಜೊತೆಗೂಡುವುದೆಂದರೆ ಪರೀಕ್ಷೆಯನ್ನು ಬಿಟ್ಟುಕೊಡುವುದಲ್ಲ. ಪರೀಕ್ಷಿಸಬೇಕಾದ ಪ್ರಶ್ನೆಯನ್ನು ಜೊತೆಯಾಗಿ ರೂಪಿಸುವುದು. ಸುಳ್ಯದ ಸಂಪಾಜೆ, ಅರಂತೋಡುಗಳಲ್ಲಿ, ಶೃಂಗೇರಿ, ಕೊಪ್ಪಗಳಲ್ಲಿ ಅಡಿಕೆಯನ್ನು ತಿನ್ನುತ್ತಿರುವ ಹಳದಿ ರೋಗ ಕೇರಳದಲ್ಲಿ 1914ರಲ್ಲಿಯೇ ಗುರುತಿಸಲ್ಪಟ್ಟದ್ದು. ಶತಮಾನ ದಾಟಿದರೂ ಗುಣಪಡಿಸುವ ಮದ್ದಿಲ್ಲ. ರೋಗಾಣುವಿನ ಅಧ್ಯಯನ ಮುಂದುವರಿಯಲೇಬೇಕು. ಅದರ ಜೊತೆಗೆ, ತೋಟ ಹೋದ ಮನೆಯಲ್ಲಿ ಸಾಲ ಎಷ್ಟಾಯಿತು, ಮಕ್ಕಳು ಎಲ್ಲಿಗೆ ಹೋದರು, ಯಾವ ಬೆಳೆಗೆ ಹೊರಳಿದವರು ನಿಂತರು, ಹೊರಳಲಾರದವರು ಏಕೆ ಸೋತರು ಎಂಬುದೂ ಸಂಶೋಧನೆಯ ವಿಷಯವೇ. ಮರದ ರೋಗಕ್ಕೂ ಮನೆಯ ಸಂಕಟಕ್ಕೂ ಇರುವ ನಂಟನ್ನು ಕಡಿದು ನೋಡಿದರೆ ಎರಡಕ್ಕೂ ಪರಿಹಾರ ದೊರೆಯದು.

ಹೊರಗಿನ ಉದಾಹರಣೆಗಳೂ ಇವೆ. ಬೆಟ್ಟಗಳ ನಾಡಾದ ಸ್ವಿಟ್ಜರ್ಲೆಂಡಿನಲ್ಲಿ 1952ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಚರಿತ್ರೆಯಿಂದ ಭೌತವಿಜ್ಞಾನದ ತನಕ ಎಲ್ಲ ಶಾಸ್ತ್ರಗಳಿಗೂ ನೆರವು ನೀಡುತ್ತದೆ. ವರ್ಣಭೇದ ನೀತಿಯಿಂದ ಬಿಡಿಸಿಕೊಂಡ ದಕ್ಷಿಣ ಆಫ್ರಿಕಾ 1998ರ ಕಾಯಿದೆಯಿಂದ ವಿಜ್ಞಾನ ಮತ್ತು ಮಾನವಿಕಗಳಿಗೆ ಒಂದೇ ರಾಷ್ಟ್ರೀಯ ಪ್ರತಿಷ್ಠಾನವನ್ನು ಕಟ್ಟಿಕೊಂಡಿತು. ಬೆಂಗಳೂರಿನಲ್ಲಿಯೇ ಜೆ. ಆರ್. ಡಿ. ಟಾಟಾ ಅವರ ಆಶಯದಂತೆ 1988ರಲ್ಲಿ ಆರಂಭವಾದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಇದೇ ಗುರಿಯನ್ನಿಟ್ಟುಕೊಂಡಿತ್ತು. ಇವೆಲ್ಲಕ್ಕೂ ಮಿಗಿಲಾಗಿ, ಕಾದಂಬರಿ ಬರೆದ, ಯಕ್ಷಗಾನ ಶೋಧಿಸಿದ, ಮಕ್ಕಳಿಗೆ ವಿಜ್ಞಾನ ತಿಳಿಸಿದ, ಕೈಗಾ ಅಣುಸ್ಥಾವರವನ್ನು ವಿರೋಧಿಸಿದ ಶಿವರಾಮ ಕಾರಂತರನ್ನು ಕಂಡ ನಾಡಿಗೆ ಈ ಕೂಡುವಿಕೆಯನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ.

ಹಾಗಾದರೆ ಅನುಸಂಧಾನ ಪ್ರತಿಷ್ಠಾನದಿಂದ ಮಲೆನಾಡು ಕೇಳಬೇಕಾದುದೇನು? ಮೊದಲನೆಯದು, ಕಾಯಿದೆಯಲ್ಲಿರುವ ‘ಸಂಧಿಸುವ ಅಂಚಿ’ಗೆ ನಿಜವಾದ ಅರ್ಥ ಬರಬೇಕು. ಪರಿಸರ ಮತ್ತು ಕೃಷಿಯ ಪ್ರತಿಯೊಂದು ದೊಡ್ಡ ಯೋಜನೆಯಲ್ಲಿ ಇತಿಹಾಸ, ಭಾಷೆ, ಸಮಾಜ ವಿಜ್ಞಾನಗಳ ವಿದ್ವಾಂಸರು ಪ್ರಶ್ನೆ ರೂಪಿಸುವ ಹಂತದಿಂದಲೇ ಇರಬೇಕು. ಕೊನೆಗೆ ಸಮೀಕ್ಷೆಯ ನಮೂನೆ ತುಂಬಿಸುವುದಕ್ಕಷ್ಟೇ ಅವರನ್ನು ಕರೆಯಬಾರದು. ಎರಡನೆಯದು, ಹಣ ಮಹಾನಗರದ ಸಂಸ್ಥೆಗಳಲ್ಲಿಯೇ ಇಂಗಿಹೋಗಬಾರದು. ಸುಳ್ಯ, ಪುತ್ತೂರು, ಶಿರಸಿ, ಶೃಂಗೇರಿಗಳ ಕಾಲೇಜುಗಳಿಗೂ ಸಣ್ಣ ಅನುದಾನಗಳು ಸರಳ ರೀತಿಯಲ್ಲಿ ದೊರೆಯಬೇಕು. ಮೂರನೆಯದು, ಮೂರು ವರ್ಷದ ಯೋಜನೆಯಲ್ಲಿ ಗುಡ್ಡದ ಚಲನೆಯಾಗಲಿ ತೋಟದ ರೋಗವಾಗಲಿ ಅರ್ಥವಾಗುವುದಿಲ್ಲ. ಹತ್ತು, ಇಪ್ಪತ್ತು ವರ್ಷಗಳ ವೀಕ್ಷಣೆಗೆ ಭದ್ರ ನೆರವು ಬೇಕು. ನಾಲ್ಕನೆಯದು, ಯಾವ ಊರಿನ ಮಾಹಿತಿಯಿಂದ ವರದಿ ಹುಟ್ಟಿತೋ ಆ ಊರಿನ ಗ್ರಾಮಸಭೆಯಲ್ಲಿ, ಆ ಊರಿನ ನುಡಿಯಲ್ಲಿ ಅದನ್ನು ಓದಿ ಹೇಳುವುದು ಕಡ್ಡಾಯವಾಗಬೇಕು.

ಕೇಳುವುದರ ಜೊತೆಗೆ ಮಾಡಬೇಕಾದುದೂ ಇದೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು. ಅದು ಗುತ್ತಿಗೆಗೆ ಕೊಟ್ಟು ತುಂಬಿಸುವ ಪುಸ್ತಕವಾಗದೆ ಊರಿನವರೇ ಬರೆದ ಕಡತವಾದರೆ ಅದಕ್ಕಿಂತ ಉತ್ತಮವಾದ ಸಂಶೋಧನಾ ಸಾಮಗ್ರಿ ಇನ್ನೊಂದಿಲ್ಲ. ಮಲೆನಾಡಿನ ಕಾಲೇಜು ವಿದ್ಯಾರ್ಥಿಗಳು ಬರುವ ಬೇಸಗೆ ರಜೆಯಲ್ಲಿ ತಮ್ಮ ಊರಿನ ಗದ್ದೆ, ತೋಡು, ಮದಕ, ಕಟ್ಟ, ಬನ, ಗುಡ್ಡಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಲಿ. ಪ್ರತಿ ಹೆಸರಿನ ಎದುರು ಅಲ್ಲಿನ ಮಣ್ಣಿನ ಬಣ್ಣ, ಬಾವಿಯ ನೀರಿನ ಮಟ್ಟ, ಹಿಂದೆ ಬೆಳೆಯುತ್ತಿದ್ದ ಬೆಳೆ, ಈಗಿನ ಸ್ಥಿತಿ ದಾಖಲಾಗಲಿ. ಭಾಷೆಯ ವಿದ್ಯಾರ್ಥಿಯೂ ವಿಜ್ಞಾನದ ವಿದ್ಯಾರ್ಥಿಯೂ ಒಂದೇ ಪುಸ್ತಕ ಹಿಡಿದು ನಡೆಯಲಿ. ಇದಕ್ಕೆ ದೆಹಲಿಯ ಅನುಮತಿ ಬೇಕಿಲ್ಲ.

ದೇರೆಬೈಲಿನ ಗದ್ದೆಗಳು ಮನೆಗಳಾದಾಗ ಅದರ ಹೆಸರಿನ ಅರ್ಥವನ್ನು ಯಾರೂ ಯೋಜನೆಯ ನಕ್ಷೆಯಲ್ಲಿ ಬರೆದಿಡಲಿಲ್ಲ. ನಗರಕ್ಕೆ ಕಾಲ ಮಿಂಚಿರಬಹುದು. ಘಟ್ಟದ ಹಳ್ಳಿಗಳಲ್ಲಿ ಇನ್ನೂ ಬೈಲು ಬೈಲಾಗಿದೆ, ಹೆಸರನ್ನು ಬಲ್ಲವರು ಬದುಕಿದ್ದಾರೆ. ಅವರನ್ನು ಕೇಳುವ ಕೆಲಸ ಈ ಮಳೆಗಾಲಕ್ಕೆ ಮೊದಲೇ ಆರಂಭವಾಗಲಿ.